ಹೊಳೆ ಹೊತ್ತ ದೋಣಿ, ಹೆಗಲು ಹೊತ್ತ ದೋಣಿ: ಡೂಸಿ ಕಯಾಕ್ ಪಂದ್ಯ ಕಲಿಸುವ ಹತ್ತು ಪಾಠ

ಪೀಟರ್‌ಮಾರಿಟ್ಸ್‌ಬರ್ಗ್ ಎಂಬ ಊರಿನ ಹೆಸರು ನಮಗೆ ಶಾಲೆಯಲ್ಲೇ ಪರಿಚಯ. 1893ರ ಜೂನ್ ತಿಂಗಳ ಚಳಿಯ ಒಂದು ರಾತ್ರಿ, ಮೊದಲ ದರ್ಜೆಯ ಟಿಕೆಟ್ ಕೈಯಲ್ಲಿದ್ದರೂ ಯುವ ವಕೀಲ ಮೋಹನದಾಸ ಗಾಂಧಿಯನ್ನು ರೈಲಿನಿಂದ ಕೆಳಗೆ ದಬ್ಬಿದ್ದು ಆ ಊರಿನ ನಿಲ್ದಾಣದಲ್ಲಿ. ಆ ಊರಿನೊಳಗೆ ಮ್ಸುಂಡೂಝಿ ಎಂಬ ಹೊಳೆಯೊಂದು ಹರಿಯುತ್ತದೆ. ಅಲ್ಲಿನವರ ಬಾಯಲ್ಲಿ ಅದು ಡೂಸಿ. ಪ್ರತಿ ವರ್ಷ ಅಲ್ಲಿನ ಮಳೆಗಾಲದಲ್ಲಿ ಈ ಹೊಳೆಯ ಕ್ಯಾಂಪ್ಸ್ ಡ್ರಿಫ್ಟ್ ಎಂಬಲ್ಲಿಂದ ನೂರಾರು ಕಯಾಕ್‌ಗಳು ಹೊರಡುತ್ತವೆ. ಡೂಸಿ ಮುಂದೆ ಉಮ್ಗೇನಿ ನದಿಯನ್ನು ಸೇರುತ್ತದೆ. ಸಾವಿರ ಬೆಟ್ಟಗಳ ಕಣಿವೆಯನ್ನು ದಾಟಿ, ಇನಾಂಡಾ ಜಲಾಶಯವನ್ನು ಹಾದು, ಸುಮಾರು 120 ಕಿಲೊಮೀಟರ್ ಕ್ರಮಿಸಿದ ಮೇಲೆ ಮೂರನೆಯ ದಿನ ದೋಣಿಗಳು ಡರ್ಬನ್‌ನ ಬ್ಲೂ ಲಗೂನ್ ತಲುಪುತ್ತವೆ. ಅಲ್ಲಿ ಹೊಳೆ ಹಿಂದೂ ಮಹಾಸಾಗರವನ್ನು ಸೇರುತ್ತದೆ. ಇದು ಡೂಸಿ ಕ್ಯಾನೂ ಮ್ಯಾರಥಾನ್, ಆಫ್ರಿಕಾ ಖಂಡದ ಅತಿ ದೊಡ್ಡ ಕಯಾಕ್ ಸ್ಪರ್ಧೆ.

ಇಂಥ ಪಂದ್ಯದ ಮಾತೆತ್ತಿದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಟಿ.ವಿ.ಯಲ್ಲಿ ಕಂಡ ಚಿತ್ರ: ನೊರೆಗಟ್ಟಿದ ನೀರು, ಉಬ್ಬಿದ ತೋಳು, ಮಗುಚಿ ಏಳುವ ದೋಣಿ. ಈಗ ದಾಂಡೇಲಿಯ ಕಾಳಿಯಲ್ಲೋ ಮೂಲ್ಕಿಯ ಹಿನ್ನೀರಿನಲ್ಲೋ ಕಯಾಕ್ ಏರುವ ಕನ್ನಡದ ಹುಡುಗ ಹುಡುಗಿಯರು ಹೆಚ್ಚುತ್ತಿದ್ದಾರೆ. ಅವರಲ್ಲಿ ಕೆಲವರಿಗಾದರೂ ಮುಂದೊಮ್ಮೆ ದೂರದ ಪಂದ್ಯದಲ್ಲಿ ಭಾಗವಹಿಸುವ ಆಸೆ ಹುಟ್ಟುತ್ತದೆ, ಹುಟ್ಟಲಿ. ಆದರೆ ಮೈದಾನದ ಆಟದಲ್ಲಿ ತಪ್ಪು ಕಲ್ಪನೆಗೆ ತೆರುವ ಬೆಲೆ ಒಂದು ಸೋಲು, ಹೊಳೆಯಲ್ಲಿ ಅದು ಜೀವವೇ ಆಗಬಹುದು. ಆದ್ದರಿಂದ ಡೂಸಿಯನ್ನೇ ಉದಾಹರಣೆಯಾಗಿಟ್ಟುಕೊಂಡು ಅಂಥ ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಇದು ತೋಳ್ಬಲದ ಆಟ

ವಾಸ್ತವ: ಒನಕೆ ಹಿಡಿದು ಭತ್ತ ಕುಟ್ಟಿದವರನ್ನು ಕೇಳಿ ನೋಡಿ. ಒನಕೆಯನ್ನು ಹಿಡಿಯುವುದು ಕೈ, ಕುಟ್ಟುವುದು ಸೊಂಟ ಮತ್ತು ಬೆನ್ನು. ಕಯಾಕ್‌ನ ಹುಟ್ಟಿನದ್ದೂ ಅದೇ ಲೆಕ್ಕ. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂರುತ್ತಾರೆ, ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತಾರೆ. ಬಲಗಡೆ ಹುಟ್ಟು ನೀರಿಗಿಳಿಯುವಾಗ ಬಲಗಾಲು ದೋಣಿಯೊಳಗಿನ ಹಲಗೆಯನ್ನು ಒತ್ತುತ್ತದೆ, ಸೊಂಟದ ಮೇಲಿನ ಮೈಯೆಲ್ಲ ಬಲಕ್ಕೆ ತಿರುಗುತ್ತದೆ. ಕಾಲು ಮತ್ತು ಬೆನ್ನಿನ ಆ ಬಲವನ್ನು ಹುಟ್ಟಿಗೆ ತಲುಪಿಸುವ ಕೊಂಡಿ ಮಾತ್ರ ತೋಳು.

ನಿಮಿಷಕ್ಕೆ ಅರುವತ್ತು ಬಾರಿ ಹುಟ್ಟು ಹಾಕಿದರೂ ತಾಸಿಗೆ 3,600 ಆಯಿತು. ಡೂಸಿಯ ವಿಜೇತರು ಮೂರು ದಿನವೂ ಸೇರಿ ನೀರಿನಲ್ಲಿ, ನೆಲದಲ್ಲಿ ಕಳೆಯುವುದು ಎಂಟು ತಾಸಿನ ಆಸುಪಾಸು. ಹಿಂದೆ ಬರುವ ಸಾಮಾನ್ಯರಿಗೆ ಅದರ ಎರಡರಷ್ಟು ಹಿಡಿದರೂ ಆಶ್ಚರ್ಯವಿಲ್ಲ. ಇಷ್ಟೊಂದು ಸಾವಿರ ಸಲ ಬರೀ ತೋಳಿನಿಂದ ಎಳೆದವರ ಮುಂಗೈ ಮೊದಲ ದಿನವೇ ಊದಿಕೊಳ್ಳುತ್ತದೆ. ಹುಟ್ಟನ್ನು ಬಿಗಿಯಾಗಿ ಹಿಡಿದವರಿಗಂತೂ ಮಣಿಕಟ್ಟಿನ ನರ ಹಿಡಿದು ಲೋಟ ಎತ್ತುವುದೂ ಕಷ್ಟವಾಗುತ್ತದೆ. ಪಳಗಿದವರ ಕೈ ಗುಬ್ಬಿಮರಿಯನ್ನು ಹಿಡಿದಷ್ಟು ಹಗುರ. ಮೈಕಟ್ಟಿನ ತರುಣರನ್ನು ನಡುವಯಸ್ಸಿನ ತೆಳ್ಳಗಿನ ಹೆಂಗಸೊಬ್ಬಳು ಹಿಂದೆ ಹಾಕಿ ಹೋಗುವ ದೃಶ್ಯ ಇಂಥ ಪಂದ್ಯಗಳಲ್ಲಿ ಸಾಮಾನ್ಯವಾಗಿರುವುದು ಇದೇ ಕಾರಣಕ್ಕೆ.

ತಪ್ಪು ಕಲ್ಪನೆ 2: ದೋಣಿ ಪಂದ್ಯ ಎಂದರೆ ಕೂತೇ ಮುಗಿಸುವ ಪಂದ್ಯ

ವಾಸ್ತವ: ಡೂಸಿಯ ಸ್ವಭಾವವೇ ಇದಕ್ಕೆ ವಿರುದ್ಧ. ಇದರಲ್ಲಿ ಅರ್ಧ ಆಟ ಹೆಗಲ ಮೇಲೆ ನಡೆಯುತ್ತದೆ. ಹೊಳೆ ದೊಡ್ಡ ತಿರುವು ತೆಗೆದುಕೊಳ್ಳುವ ಕಡೆ, ಬಂಡೆಗಳು ದಾರಿ ಕೊಡದ ಕಡೆ, ಪಂದ್ಯಾಳುಗಳು ದಡಕ್ಕೆ ಹಾರಿ ದೋಣಿಯನ್ನು ಹೆಗಲಿಗೇರಿಸಿ ಗುಡ್ಡ ಹತ್ತಿ ಓಡುತ್ತಾರೆ. ಇದಕ್ಕೆ ಪೋರ್ಟೇಜ್ ಎನ್ನುತ್ತಾರೆ. ಮೂರನೆಯ ದಿನ ಬರುವ ಬರ್ಮಾ ರೋಡ್ ಎಂಬ ಪೋರ್ಟೇಜ್‌ನ ಹೆಸರು ಕೇಳಿದರೆ ಅನುಭವಿಗಳೂ ಉಸಿರು ಬಿಗಿಹಿಡಿಯುತ್ತಾರೆ. ಎರಡು ದಿನ ದಣಿದ ಕಾಲು, ತೊಯ್ದ ಬೂಟು, ಹೆಗಲ ಮೇಲೆ ಐದು ಮೀಟರಿಗೂ ಉದ್ದದ ದೋಣಿ, ಎದುರಿಗೆ ಕಡಿದಾದ ಏರು. ಅಲ್ಲಿನವರು ಹೆಗಲಿಗೆ ಮೆತ್ತೆ ಹೊಲಿದ ಲೈಫ್ ಜಾಕೆಟ್ ತೊಡುತ್ತಾರೆ. ನಮ್ಮ ಹಮಾಲರು ಹೆಗಲಿಗೆ ಗೋಣಿ ಮಡಿಸಿ ಹಾಕಿಕೊಳ್ಳುವ ಹಾಗೆ.

ಈ ಪಂದ್ಯವನ್ನು 15 ಬಾರಿ ಗೆದ್ದ ಗ್ರೇಮ್ ಪೋಪ್ ಎಲ್ಲಿಸ್ ಅವರನ್ನು ಅಲ್ಲಿನವರು ಡೂಸಿಯ ರಾಜ ಎಂದೇ ಕರೆದರು. ನೀರಿನಲ್ಲಿ ಮಾತ್ರವಲ್ಲ, ಕಣಿವೆಯ ಕಾಲುದಾರಿಗಳಲ್ಲಿ ತಿರುಗಿ ತಿರುಗಿ ಯಾವ ತಿರುವನ್ನು ಯಾವ ಗುಡ್ಡದಿಂದ ತಪ್ಪಿಸಬಹುದು ಎಂದು ಕಂಡುಕೊಂಡದ್ದು ಅವರ ಗೆಲುವಿನ ಗುಟ್ಟು. ಹೊಳೆಯ ಪಂದ್ಯ ಗೆಲ್ಲಲು ಅವರು ನೆಲ ಓದಿದರು.

ಇಂಗ್ಲೆಂಡಿನ ಡಿವೈಜಸ್‌ನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗೆ 1948ರಿಂದ ನಡೆದು ಬಂದಿರುವ 125 ಮೈಲಿಯ ಪಂದ್ಯದಲ್ಲಿ ಬಂಡೆಯಿಲ್ಲ, ಗುಡ್ಡವಿಲ್ಲ. ಆದರೂ 77 ಪೋರ್ಟೇಜ್‌ಗಳಿವೆ. ಕಾಲುವೆಯಲ್ಲೂ ಥೇಮ್ಸ್‌ನಲ್ಲೂ ದೋಣಿಗಳನ್ನು ಏರಿಸಿ ಇಳಿಸುವ ಲಾಕ್‌ಗೇಟ್‌ಗಳು ಎದುರಾಗುತ್ತವೆ. ಪ್ರತಿಯೊಂದರ ಬಳಿಯೂ ಇಳಿದು, ಹೊತ್ತು, ಮತ್ತೆ ಏರಬೇಕು. ಏರಿ ಇಳಿಯುವ ಅಭ್ಯಾಸವಿಲ್ಲದವರು ಒಂದೊಂದು ಕಡೆ ಒಂದೊಂದು ನಿಮಿಷ ಕಳೆದುಕೊಂಡರೂ ಕೊನೆಗೆ ಒಂದು ತಾಸಿಗೂ ಮೀರಿ ಹೋಗಿರುತ್ತದೆ.

ತಪ್ಪು ಕಲ್ಪನೆ 3: ಹೊಳೆ ಹರಿಯುತ್ತಿದ್ದರೆ ಸಾಕು, ಅದೇ ಹೊತ್ತೊಯ್ಯುತ್ತದೆ

ವಾಸ್ತವ: ಹೊಳೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ತಿರುವಿನ ಹೊರದಡದಲ್ಲಿ ಸೆಳವು ಜೋರು, ಒಳದಡದಲ್ಲಿ ನೀರು ಸೋಮಾರಿ. ದೊಡ್ಡ ಬಂಡೆಯ ಹಿಂದೆ ನೀರು ಹಿಂದಕ್ಕೇ ತಿರುಗುತ್ತದೆ. ನಮ್ಮ ಅಂಬಿಗರಿಗೆ ಇದು ಹುಟ್ಟಿನೊಂದಿಗೇ ಬಂದ ಜ್ಞಾನ. ತುಂಗಭದ್ರೆಯಲ್ಲಿ ಹರಿಗೋಲು ದಾಟಿಸುವವರು ಎದುರು ದಡದ ಗುರಿಗಿಂತ ಎಷ್ಟೋ ಮೇಲಿನಿಂದ ಹೊರಡುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ಆಳವಿಲ್ಲದ ಕಡೆ ಕಯಾಕ್‌ಗೆ ಇನ್ನೊಂದು ಕಷ್ಟ: ಅದು ಎಬ್ಬಿಸುವ ಅಲೆ ತಳಕ್ಕೆ ತಾಗಿ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ದೋಣಿ ಭಾರವಾಗುತ್ತದೆ. ಹತ್ತು ಅಡಿ ಪಕ್ಕಕ್ಕೆ ಸರಿದು ಆಳದ ಗೆರೆ ಹಿಡಿದರೆ ಅದೇ ಶ್ರಮಕ್ಕೆ ಹೆಚ್ಚು ದೂರ ಸಾಗಬಹುದು.

ಎರಡನೆಯ ದಿನದ ಕೊನೆಗೆ ಇನಾಂಡಾ ಜಲಾಶಯ ಬರುತ್ತದೆ. 1989ರಲ್ಲಿ ಈ ಅಣೆಕಟ್ಟು ಪೂರ್ಣವಾದಾಗ ಹಳೆಯ ಪಂದ್ಯದ ಹಾದಿಯ ಒಂದು ಭಾಗವೇ ಮುಳುಗಿತು. ಹರಿವಿದ್ದ ಜಾಗದಲ್ಲಿ ಈಗ ನಿಂತ ನೀರು, ಮೇಲೆ ಬಿಸಿಲು, ಒಮ್ಮೊಮ್ಮೆ ಎದುರುಗಾಳಿ. ಅಲ್ಲಿ ಹೊಳೆ ಏನನ್ನೂ ಕೊಡುವುದಿಲ್ಲ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಡೂಸಿಯಲ್ಲಿ ನೀರಿನ ಮಟ್ಟ ಮಳೆಯನ್ನಷ್ಟೇ ಅವಲಂಬಿಸಿಲ್ಲ. ಪಂದ್ಯದ ದಿನಗಳಲ್ಲಿ ಊರಿನ ಮೇಲಿರುವ ಹೆನ್ಲಿ ಅಣೆಕಟ್ಟಿನಿಂದಲೂ ಇನಾಂಡಾದಿಂದಲೂ ನೀರು ಬಿಡುತ್ತಾರೆ. ನಮ್ಮ ಗಣೇಶಗುಡಿಯಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ಬರುವ ನೀರನ್ನು ನಂಬಿದಂತೆಯೇ ಇದು. ಬಿಟ್ಟ ನೀರಿನ ಅಲೆಗಿಂತ ಮುಂದೆ ಓಡಿದವರಿಗೆ ಬರಿಯ ಬಂಡೆ ಸಿಗುತ್ತದೆ. ಅವಸರ ಮಾಡಿದವರು ದೋಣಿ ಎಳೆದುಕೊಂಡು ನಡೆಯಬೇಕಾಗುತ್ತದೆ.

ತಪ್ಪು ಕಲ್ಪನೆ 4: ಈಜು ಬಂದರೆ ಭಯವಿಲ್ಲ, ಅಪಾಯ ಇರುವುದು ಅಬ್ಬರಿಸುವ ನೀರಿನಲ್ಲಿ ಮಾತ್ರ

ವಾಸ್ತವ: ಈ ಒಂದು ಅಂಶವನ್ನು ನಿಧಾನವಾಗಿ ಓದಿ, ಮಕ್ಕಳಿಗೂ ಓದಿ ಹೇಳಿ. ಏಕೆಂದರೆ ನಮ್ಮ ಹೊಳೆಗಳಲ್ಲಿ ಪ್ರತಿ ವರ್ಷ ಸಾಯುವವರಲ್ಲಿ ಈಜು ಬಲ್ಲವರೂ ಇರುತ್ತಾರೆ.

ನೊರೆಗಟ್ಟಿ ಅಬ್ಬರಿಸುವ ನೀರು ತನ್ನ ಅಪಾಯವನ್ನು ತಾನೇ ಸಾರಿ ಹೇಳುತ್ತದೆ. ಹೇಳದೆ ಕೊಲ್ಲುವುದು ಮೂರು. ಮೊದಲನೆಯದು, ಹೊಳೆಗೆ ಅಡ್ಡ ಕಟ್ಟಿದ ತಗ್ಗಿನ ಒಡ್ಡು. ಮೇಲಿಂದ ನೋಡಿದರೆ ನೀರು ನುಣ್ಣಗೆ ಜಾರುತ್ತಿರುತ್ತದೆ. ಕೆಳಗೆ ಬಿದ್ದ ನೀರು ಒಡ್ಡಿನ ಬುಡಕ್ಕೇ ಮರಳಿ ಸುತ್ತುತ್ತದೆ, ಅದರಲ್ಲಿ ಸಿಕ್ಕ ಮನುಷ್ಯನನ್ನು ಹೊರಗೆ ಬಿಡದೆ ಮಗುಚಿ ಮಗುಚಿ ಹಾಕುತ್ತದೆ. ಎರಡನೆಯದು, ದಡದಿಂದ ಹೊಳೆಗೆ ಬಾಗಿ ಬಿದ್ದ ಮರ. ಕೊಂಬೆಗಳ ನಡುವೆ ನೀರು ಸೋಸಿ ಹೋಗುತ್ತದೆ, ಮೈ ಸೋಸಿ ಹೋಗುವುದಿಲ್ಲ. ಮೂರನೆಯದು, ಸೊಂಟದ ಮಟ್ಟದ ಸೆಳವಿನಲ್ಲಿ ಎದ್ದು ನಿಲ್ಲುವ ನಮ್ಮ ಸಹಜ ಬುದ್ಧಿ. ಕಾಲು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡರೆ ಹರಿವು ಮೈಯನ್ನು ಮುಂದಕ್ಕೆ ಬಾಗಿಸಿ ಮುಳುಗಿಸುತ್ತದೆ.

ಹೊಳೆಯಲ್ಲಿ ಬಿದ್ದಾಗ ಏನು ಮಾಡಬೇಕು ಎಂಬುದನ್ನು ಅಲ್ಲಿನ ಕ್ಲಬ್ಬುಗಳು ದೋಣಿಗಿಂತ ಮೊದಲು ಕಲಿಸುತ್ತವೆ. ಅಂಗಾತ ಮಲಗಿ ಕಾಲುಗಳನ್ನು ಹರಿವಿನ ದಿಕ್ಕಿಗೆ ಮುಂದೆ ಚಾಚಬೇಕು, ಕಾಲ್ಬೆರಳು ನೀರಿನ ಮೇಲೆ ಕಾಣುತ್ತಿರಬೇಕು. ಆಗ ಎದುರಾದ ಬಂಡೆಯನ್ನು ತಲೆಯ ಬದಲು ಪಾದ ಭೇಟಿಯಾಗುತ್ತದೆ. ನೀರು ಮೊಣಕಾಲಿಗಿಂತ ಕೆಳಗೆ ಬರುವವರೆಗೆ ನಿಲ್ಲಬಾರದು. ಮಗುಚಿದ ದೋಣಿಯ ಮೇಲುಹೊಳೆಯ ಬದಿಯಲ್ಲೇ ಇರಬೇಕು. ಏಕೆಂದರೆ ನೀರು ತುಂಬಿದ ಕಯಾಕ್ ನೂರಾರು ಕಿಲೊ ತೂಗುತ್ತದೆ. ಆ ತೂಕಕ್ಕೂ ಬಂಡೆಗೂ ನಡುವೆ ಸಿಕ್ಕವರ ಎಲುಬು ಉಳಿಯದು. ಸೆಳವಿನ ಎದುರು ಮರವೇ ಬಂದುಬಿಟ್ಟರೆ ಮಾತ್ರ ಹೊಟ್ಟೆಯ ಮೇಲೆ ತಿರುಗಿ, ಬಲವಾಗಿ ಈಜಿ, ಕೊಂಬೆಯ ಮೇಲಕ್ಕೆ ಎಗರಬೇಕು.

ಲೈಫ್ ಜಾಕೆಟ್ ಇಲ್ಲದೆ ಇಂಥ ಪಂದ್ಯದಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ದೋಣಿಯೊಳಗೆ ತೇಲುವ ವಸ್ತು ತುಂಬಿರಬೇಕು. ಹೆಸರು ನೋಂದಾಯಿಸುವ ಮೊದಲು ಚಿಕ್ಕ ಪಂದ್ಯಗಳನ್ನು ಪೂರೈಸಿ ಅರ್ಹತೆ ತೋರಿಸಬೇಕು. ಇವು ಕಚೇರಿಯ ಕಾಟ ಎಂದು ಗೊಣಗುವವರುಂಟು. ಒಂದೊಂದು ನಿಯಮದ ಹಿಂದೆಯೂ ಎಲ್ಲೋ ಒಂದು ಮನೆಯ ಕಣ್ಣೀರಿದೆ.

ತಪ್ಪು ಕಲ್ಪನೆ 5: ಇನ್ನೊಬ್ಬರ ದೋಣಿಯ ಬೆನ್ನು ಹಿಡಿದು ಹೋಗುವುದು ಮೋಸ

ವಾಸ್ತವ: ಕಯಾಕ್ ಮುಂದೆ ಸಾಗುವಾಗ ಅದರ ಇಕ್ಕೆಲಗಳಲ್ಲೂ ಹಿಂದೆಯೂ ಅಲೆ ಏಳುತ್ತದೆ. ಆ ಅಲೆಯ ಮುಂಭಾಗದಲ್ಲಿ ನಮ್ಮ ದೋಣಿಯ ಮೂತಿ ಇಟ್ಟರೆ, ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ ಶ್ರಮ ಉಳಿಯುತ್ತದೆ. ಇದು ನಿಯಮಬದ್ಧ, ಕಲಿಯಲೇಬೇಕಾದ ಕೌಶಲ. ಬಯಲುನೀರಿನಲ್ಲಿ ನಾಲ್ಕಾರು ದೋಣಿಗಳು ಗುಂಪಾಗಿ, ಸರದಿಯ ಮೇಲೆ ಮುಂದೆ ನಿಂತು ಎಳೆಯುತ್ತವೆ. ಆಕಾಶದಲ್ಲಿ ಬೆಳ್ಳಕ್ಕಿಗಳ ಸಾಲು ಮಾಡುವುದೂ ಇದನ್ನೇ. ತನ್ನ ಸರದಿ ಬಂದಾಗ ಮುಂದೆ ಬಾರದೆ ಹಿಂದೆಯೇ ಉಳಿಯುವವರನ್ನು ಮಾತ್ರ ಯಾರೂ ಮೆಚ್ಚುವುದಿಲ್ಲ.

ತಪ್ಪು ಕಲ್ಪನೆ 6: ಬಿಸಿಲಿನಲ್ಲಿ ಎಷ್ಟು ನೀರು ಕುಡಿದರೂ ಒಳ್ಳೆಯದೇ

ವಾಸ್ತವ: ಫೆಬ್ರವರಿಯ ಡರ್ಬನ್ ಸೀಮೆ ನಮ್ಮ ಕರಾವಳಿಯ ಮೇ ತಿಂಗಳಂತೆ ಬೆವರಿಳಿಸುತ್ತದೆ. ನೀರು ಕುಡಿಯದಿದ್ದರೆ ತಲೆ ಸುತ್ತುತ್ತದೆ, ನಿಜ. ಆದರೆ ತಾಸುಗಟ್ಟಲೆ ಬೆವರಿ, ಬಾಯಾರಿಕೆ ಇರಲಿ ಬಿಡಲಿ ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಗೊಂದಲದಿಂದ ಶುರುವಾಗಿ ಮಿದುಳು ಊದಿಕೊಂಡು ಪ್ರಾಣಕ್ಕೇ ಮುಳುವಾದ ಪ್ರಸಂಗಗಳಿವೆ. ಈ ಅಪಾಯವನ್ನು ವೈದ್ಯಲೋಕಕ್ಕೆ ತೋರಿಸಿದವರಲ್ಲಿ ಮೊದಲಿಗರು ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ ಮತ್ತು ಅವರ ಸಂಗಡಿಗರು. 1985ರಲ್ಲಿ ಅವರು ದೀರ್ಘ ಓಟದ ಕ್ರೀಡಾಪಟುಗಳಲ್ಲಿ ಇದನ್ನು ವಿವರಿಸಿದರು. ಅವರು ಗಮನಿಸಿದ ಓಟಗಳಲ್ಲಿ ಕಾಮ್ರೇಡ್ಸ್ ಮ್ಯಾರಥಾನ್ ಸಹ ಒಂದು. ಅದು ನಡೆಯುವುದೂ ಇದೇ ಎರಡು ಊರುಗಳ ನಡುವೆ, ಪೀಟರ್‌ಮಾರಿಟ್ಸ್‌ಬರ್ಗ್ ಮತ್ತು ಡರ್ಬನ್ ನಡುವೆ, 1921ರಿಂದ.

ಬಾಯಾರಿದಾಗ ಕುಡಿಯುವುದು, ಉಪ್ಪಿನ ಅಂಶವಿರುವ ತಿನಿಸನ್ನು ಜೊತೆಗಿಡುವುದು, ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನುವುದು ದೂರದ ಪಂದ್ಯದ ಊಟದ ನಿಯಮ. ದೋಣಿಯಲ್ಲಿ ಎರಡೂ ಕೈಗೆ ಕೆಲಸವಿರುವುದರಿಂದ ಸೀಸೆಗೆ ಕೊಳವೆ ಜೋಡಿಸಿ ಬಾಯಿಯ ಹತ್ತಿರ ತಂದಿಟ್ಟಿರುತ್ತಾರೆ. ಪಂದ್ಯದ ದಿನ ಹೊಸ ತಿನಿಸು ಪ್ರಯೋಗಿಸಬಾರದು. ಅಭ್ಯಾಸದಲ್ಲಿ ಹೊಟ್ಟೆ ಒಪ್ಪಿದ್ದನ್ನೇ ಪಂದ್ಯದಲ್ಲೂ ಕೊಡಬೇಕು.

ತಪ್ಪು ಕಲ್ಪನೆ 7: ವೇಗದ ದುಬಾರಿ ದೋಣಿ ಕೊಂಡರೆ ಅರ್ಧ ಗೆದ್ದಂತೆ

ವಾಸ್ತವ: ವೇಗದ ಕಯಾಕ್ ಉದ್ದ, ಕಿರಿದು. ಕಿರಿದಾದಷ್ಟೂ ಹೊಯ್ದಾಟ ಹೆಚ್ಚು. ಹೊಸಬರು ಅದರಲ್ಲಿ ಕೂತು ಸಮತೋಲನ ಕಾಯುವುದರಲ್ಲೇ ಅರ್ಧ ಶಕ್ತಿ ಕಳೆಯುತ್ತಾರೆ, ಉಳಿದರ್ಧ ಮಗುಚಿದ ದೋಣಿಯ ನೀರು ಚೆಲ್ಲುವುದರಲ್ಲಿ ಹೋಗುತ್ತದೆ. ತುಸು ಅಗಲದ ದೋಣಿಯಲ್ಲಿ ನಿರಾಳವಾಗಿ ಹುಟ್ಟು ಹಾಕುವವರು ಇಂಥವರಿಗಿಂತ ಮೊದಲೇ ಊರು ಸೇರುತ್ತಾರೆ. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ, ಹಕ್ಕಿಯ ರೆಕ್ಕೆಯಂತೆ ಬಾಗಿದ ಅಲಗಿನ ಹುಟ್ಟು ಈಗ ಪಂದ್ಯಾಳುಗಳೆಲ್ಲರ ಕೈಯಲ್ಲಿದೆ. ಹುಟ್ಟು ಹಾಕುವ ರೀತಿ ತಿಳಿಯದವರ ಕೈಯಲ್ಲಿ ಅದೂ ವ್ಯರ್ಥ. ಇನ್ನು ಬಂಡೆಗಳ ಹೊಳೆಗೆ ತೀರ ಹಗುರದ ದೋಣಿ ಹೇಳಿದ್ದಲ್ಲ. ಪೆಟ್ಟು ತಾಳುವ, ಒಡೆದರೆ ದಡದಲ್ಲೇ ಒರೆಸಿ ಒಣಗಿಸಿ ಟೇಪು ಸುತ್ತಿ ಮುಂದುವರಿಯಬಹುದಾದ ದೋಣಿ ಬೇಕು.

ತಪ್ಪು ಕಲ್ಪನೆ 8: ಇದು ಉಳ್ಳವರ, ಬಿಳಿಯರ ಆಟ. ನಮಗಲ್ಲ

ವಾಸ್ತವ: ಒಂದು ಕಾಲಕ್ಕೆ ಹಾಗಿತ್ತು, ಅದನ್ನು ಮುಚ್ಚಿಡಬಾರದು. ಈ ಪಂದ್ಯದ ಕನಸು ಕಂಡವರು ಇಯಾನ್ ಪ್ಲೇಯರ್. ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ಸೈನಿಕರಾಗಿದ್ದಾಗ ಅವರಿಗೆ ಈ ಯೋಚನೆ ಬಂತು. 1951ರ ಡಿಸೆಂಬರ್ 22ರಂದು ಎಂಟು ಮಂದಿ ಹೊರಟರು. ಹೊಳೆ ಮೊದಲು ಬತ್ತಿತ್ತು, ಆಮೇಲೆ ನೆರೆ ಬಂತು. ಪ್ಲೇಯರ್ ಅವರಿಗೆ ದಾರಿಯಲ್ಲಿ ಹಾವು ಕಚ್ಚಿತು. ಆದರೂ 6 ದಿನ 8 ಗಂಟೆ 15 ನಿಮಿಷಗಳಲ್ಲಿ ಅವರೊಬ್ಬರೇ ಡರ್ಬನ್ ತಲುಪಿದರು. ಮುಂದೆ ಇದೇ ಪ್ಲೇಯರ್ ಉಮ್ಫೊಲೋಜಿ ಅಭಯಾರಣ್ಯದಲ್ಲಿ ಬಿಳಿ ಘೇಂಡಾಮೃಗಗಳನ್ನು ಅಳಿವಿನಿಂದ ಪಾರುಮಾಡಿದ ವನ್ಯಜೀವಿ ರಕ್ಷಕರಾಗಿ ಜಗತ್ತಿಗೆ ಪರಿಚಿತರಾದರು.

ಆದರೆ ಅವರ ಪಂದ್ಯ ವರ್ಣಭೇದದ ನಾಡಿನಲ್ಲಿ ಹುಟ್ಟಿತ್ತು. ದಶಕಗಳ ಕಾಲ ಅದು ಬಿಳಿಯರ, ಅದರಲ್ಲೂ ಗಂಡಸರ ಪಂದ್ಯವಾಗಿತ್ತು. ಪಂದ್ಯ ಹಾದು ಹೋಗುತ್ತಿದ್ದದ್ದು ಮಾತ್ರ ಜುಲು ಜನರ ಹಳ್ಳಿಗಳ ನಡುವೆ. ದಡದಲ್ಲಿ ನಿಂತು ನೋಡುತ್ತಿದ್ದ ಮಕ್ಕಳಿಗೆ ಹೊಳೆಯ ಒಂದೊಂದು ಬಂಡೆಯೂ ಗೊತ್ತಿತ್ತು. ದೋಣಿ ಇರಲಿಲ್ಲ, ಅನುಮತಿಯೂ ಇರಲಿಲ್ಲ.

ಆ ಮಕ್ಕಳ ಪೀಳಿಗೆ ಮುಂದೆ ದೋಣಿಗೆ ಬಂತು. 2008ರಲ್ಲಿ ಮೈಕಲ್ ಎಂಬಾಂಜ್ವಾ, ಮಾರ್ಟಿನ್ ಡ್ರೇಯರ್ ಅವರ ಜೊತೆಗೂಡಿ ಇಬ್ಬರ ದೋಣಿಯ ಪಂದ್ಯ ಗೆದ್ದರು. 2014ರಲ್ಲಿ ಸ್ಬೊನೆಲೊ ಖ್ವೇಲಾ, ಆಂಡಿ ಬರ್ಕೆಟ್ ಜೊತೆ ಗೆದ್ದರು. ಡ್ರೇಯರ್ ಸಾವಿರ ಬೆಟ್ಟಗಳ ಕಣಿವೆಯಲ್ಲೇ ಅಲ್ಲಿನ ಯುವಕರಿಗಾಗಿ ಚೇಂಜ್ ಎ ಲೈಫ್ ಎಂಬ ತರಬೇತಿ ಶಾಲೆ ತೆರೆದರು. ಜೊಹಾನ್ಸ್‌ಬರ್ಗ್ ಬಳಿಯ ಸೊವೆಟೊದಲ್ಲೂ ಕಯಾಕ್ ಕ್ಲಬ್ ಬೆಳೆಯಿತು. ಮಹಿಳೆಯರು ಈಗ ತಮ್ಮದೇ ವಿಭಾಗದಲ್ಲಿ, ಗಂಡಸರ ಜೊತೆ ಮಿಶ್ರ ಜೋಡಿಯಲ್ಲೂ ಇಳಿಯುತ್ತಾರೆ. ಗಾಂಧಿಯನ್ನು ರೈಲಿನಿಂದ ಇಳಿಸಿದ ಊರಿನಿಂದ ಹೊರಟು, ಅವರು 1904ರಲ್ಲಿ ಫೀನಿಕ್ಸ್ ಆಶ್ರಮ ಕಟ್ಟಿದ ಇನಾಂಡಾ ಸೀಮೆಯ ಮೂಲಕ ಸಾಗುವ ದಾರಿಯಿದು. ಆ ದಾರಿಯಲ್ಲಿ ಬಿಳಿಯ ಕರಿಯ ಇಬ್ಬರೂ ಒಂದೇ ದೋಣಿಯಲ್ಲಿ, ಒಂದೇ ಲಯದಲ್ಲಿ ಹುಟ್ಟು ಹಾಕುವುದನ್ನು ಕಾಣಲು ಆ ನಾಡು ಎಷ್ಟು ಕಾಯಬೇಕಾಯಿತು ಎಂದು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಹಣದ ಮಾತು: ದೋಣಿಗೆ ಬೆಲೆಯಿದೆ, ಸುಳ್ಳಲ್ಲ. ಆದರೆ ಕ್ಲಬ್ಬುಗಳಲ್ಲಿ ಹಳೆಯ ದೋಣಿ ಹಂಚಿಕೊಂಡು ಕಲಿಯುವುದು ಎಲ್ಲ ಕಡೆಯ ವಾಡಿಕೆ. ನಮ್ಮ ನೆರೆಯ ಕೇರಳದಲ್ಲಿ ನಿಲಂಬೂರಿನಿಂದ ಬೇಪೂರಿನವರೆಗೆ ಚಾಲಿಯಾರ್ ಹೊಳೆಯಲ್ಲಿ 68 ಕಿಲೊಮೀಟರಿನ ಮೂರು ದಿನದ ಸಾಮೂಹಿಕ ಯಾನ ನಡೆಯುತ್ತದೆ. ಅದರಲ್ಲಿ ಗೆಲುವು ಸೋಲಿಲ್ಲ, ಹೊಳೆಯ ಕಸ ಹೆಕ್ಕುತ್ತ ಸಾಗುವುದೂ ಯಾನದ ಭಾಗ. ಪಂದ್ಯಕ್ಕೆ ಮೊದಲು ದೂರದ ರುಚಿ ನೋಡಬಯಸುವ ಕನ್ನಡಿಗರಿಗೆ ಇದು ಬಸ್ಸಿನಲ್ಲೇ ಹೋಗಬಹುದಾದಷ್ಟು ಹತ್ತಿರ.

ತಪ್ಪು ಕಲ್ಪನೆ 9: ಇದು ನಿದ್ದೆಗೆಟ್ಟು ಒಬ್ಬಂಟಿಯಾಗಿ ಹೋರಾಡುವ ಆಟ

ವಾಸ್ತವ: ದೂರದ ಪಂದ್ಯಗಳೆಲ್ಲ ಒಂದೇ ಅಚ್ಚಿನವಲ್ಲ. ಕೆನಡಾದ ಯೂಕಾನ್ ನದಿಯಲ್ಲಿ ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿಗೆ 715 ಕಿಲೊಮೀಟರಿನ ಪಂದ್ಯವಿದೆ. ಜೂನ್ ಕೊನೆಯಲ್ಲಿ ಅಲ್ಲಿ ಕತ್ತಲಾಗುವುದೇ ಕಡಿಮೆ. ಪಂದ್ಯಾಳುಗಳು ಇಲ್ಲದ್ದನ್ನು ಕಾಣುವಷ್ಟು ನಿದ್ದೆಗೆಡುತ್ತಾರೆ. ಆದ್ದರಿಂದಲೇ ದಾರಿಯಲ್ಲಿ ಕಡ್ಡಾಯ ವಿಶ್ರಾಂತಿ ಇಟ್ಟಿದ್ದಾರೆ. ಅಮೆರಿಕದ ಮಿಸೌರಿ ನದಿಯಲ್ಲಿ 2006ರಲ್ಲಿ ಆರಂಭವಾದ 340 ಮೈಲಿಯ ಪಂದ್ಯದಲ್ಲಿ ಎಲ್ಲಿ ಮಲಗಬೇಕು, ಎಷ್ಟು ಹೊತ್ತು ಎಂಬುದನ್ನು ಪಂದ್ಯಾಳುಗಳೇ ನಿರ್ಧರಿಸುತ್ತಾರೆ. ಡೂಸಿಯೂ ಮೊದಲ ಕೆಲವು ವರ್ಷ ಹಾಗೇ ಇತ್ತು, ಬಳಿಕ ರಾತ್ರಿ ತಂಗುವ ಹಂತಗಳಾಗಿ ಬದಲಾಯಿತು. ಯಾವುದು ನಮ್ಮ ಮೈಗೆ ಒಗ್ಗುತ್ತದೆ ಎಂದು ತಿಳಿದು ಆರಿಸಿಕೊಳ್ಳುವುದು ಜಾಣತನ.

ಒಬ್ಬಂಟಿತನ ಎಲ್ಲೂ ಇಲ್ಲ. ಡೂಸಿಯ ಮುಖ್ಯ ಪಂದ್ಯ ಬೆಸ ಸಂಖ್ಯೆಯ ವರ್ಷಗಳಲ್ಲಿ ಒಬ್ಬರ ದೋಣಿಯದ್ದು, ಸಮ ಸಂಖ್ಯೆಯ ವರ್ಷಗಳಲ್ಲಿ ಇಬ್ಬರ ದೋಣಿಯದ್ದು. ಇಬ್ಬರ ದೋಣಿಯಲ್ಲಿ ಮುಂದೆ ಕೂತವರು ದಾರಿ ನೋಡುತ್ತಾರೆ, ಹಿಂದಿನವರು ಅವರ ಲಯಕ್ಕೆ ಬೆನ್ನು ಕೊಡುತ್ತಾರೆ. ಮುಂದಿನವರ ತಪ್ಪಿಗೆ ಇಬ್ಬರೂ ನೆನೆಯುತ್ತಾರೆ, ಹಿಂದಿನವರ ಮೌನ ಇಬ್ಬರನ್ನೂ ಉಳಿಸುತ್ತದೆ. ಒಬ್ಬರ ದೋಣಿಯವರಿಗೂ ಪೋರ್ಟೇಜ್‌ಗಳ ಬಳಿ ತಿನಿಸು, ಸೀಸೆ, ಒಣ ಬಟ್ಟೆ ಹಿಡಿದು ಕಾಯುವ ಮನೆಯವರೂ ಗೆಳೆಯರೂ ಇರುತ್ತಾರೆ. ಅವರು ಕಾರಿನಲ್ಲಿ ಮಣ್ಣಿನ ದಾರಿ ಹುಡುಕುತ್ತ ದಿನವಿಡೀ ಓಡಾಡುತ್ತಾರೆ, ಹೆಸರು ಎಲ್ಲೂ ಅಚ್ಚಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ಅಪಾಯದಲ್ಲಿರುವ ಸ್ಪರ್ಧಿಯನ್ನು ಕಂಡರೆ ನಿಂತು ನೆರವಾಗಬೇಕು. ಕಂಡೂ ಮುಂದೆ ಹೋದವರನ್ನು ಪಂದ್ಯದಿಂದ ಹೊರಗಿಡಬಹುದು. ಗೆಲುವಿಗಿಂತ ಜೀವ ಮೇಲು ಎಂದು ನಿಯಮಾವಳಿಯಲ್ಲೇ ಬರೆದಿಟ್ಟಿರುವ ಆಟವನ್ನು ನಾನು ಗೌರವಿಸುತ್ತೇನೆ.

ತಪ್ಪು ಕಲ್ಪನೆ 10: ಹರಿಯುವ ನೀರಿಗೆ ಮೈಲಿಗೆಯಿಲ್ಲ

ವಾಸ್ತವ: ನಮ್ಮ ಹಿರಿಯರ ಕಾಲಕ್ಕೆ ಈ ಮಾತು ನಿಜವಿದ್ದೀತು. ಡೂಸಿಯ ಪಂದ್ಯಾಳುಗಳ ಬಾಯಲ್ಲಿ ಒಂದು ಕಾಯಿಲೆಯ ಹೆಸರಿದೆ: ಡೂಸಿ ಗಟ್ಸ್, ಅಂದರೆ ಡೂಸಿಯ ಹೊಟ್ಟೆನೋವು. ಪಂದ್ಯ ಮುಗಿದ ಒಂದೆರಡು ದಿನಕ್ಕೆ ವಾಂತಿ ಭೇದಿ ಶುರುವಾಗುತ್ತದೆ. ಕಾರಣ ಹೊಳೆಗೆ ಸೇರುವ ಚರಂಡಿ ನೀರು. ಪೀಟರ್‌ಮಾರಿಟ್ಸ್‌ಬರ್ಗ್‌ನ ಹಳೆಯ ಕೊಳವೆಗಳು ಒಡೆದಾಗ, ಮ್ಯಾನ್‌ಹೋಲ್‌ಗಳು ಉಕ್ಕಿದಾಗ, ಮಲದ ಬ್ಯಾಕ್ಟೀರಿಯಾ ನೇರ ಹೊಳೆಗೆ ಬರುತ್ತದೆ. ಮಳೆ ಬಂದರೆ ಹೊಳೆ ತೊಳೆದು ಶುದ್ಧವಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಆಗುವುದು ತಿರುಗುಮುರುಗು: ಮೊದಲ ಜೋರು ಮಳೆ ಊರಿನ ಕೊಳಕನ್ನೆಲ್ಲ ಹೊಳೆಗೆ ತಂದು ಸುರಿಯುತ್ತದೆ. ಪಂದ್ಯಕ್ಕೆ ಬೇಕಾದ ಮಳೆಯೇ ಪಂದ್ಯಾಳುಗಳ ಹೊಟ್ಟೆ ಕೆಡಿಸುತ್ತದೆ. 2019ರಲ್ಲಿ ಕಾರ್ಖಾನೆಯೊಂದರಿಂದ ಖಾದ್ಯತೈಲ ಮತ್ತು ಕಾಸ್ಟಿಕ್ ಸೋಡಾ ಸೋರಿ ಈ ಹೊಳೆಗೆ ಸೇರಿದಾಗ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು.

ಬಾಯಿಗೆ ನೀರು ಹೋಗದಂತೆ ನೋಡಿಕೊಳ್ಳುವುದು, ಕುಡಿಯುವ ಕೊಳವೆಯ ತುದಿಗೆ ಮುಚ್ಚಳ ಹಾಕುವುದು, ತಿನ್ನುವ ಮೊದಲು ಕೈ ಶುಚಿ ಮಾಡುವುದು, ಗಾಯವಿದ್ದರೆ ಮುಚ್ಚುವುದು. ಪಂದ್ಯಾಳುಗಳು ಮಾಡಬಹುದಾದದ್ದು ಇಷ್ಟೇ ಎಂದು ಮೊದಲು ಅನ್ನಿಸಿತ್ತು. ಆದರೆ ಅಲ್ಲಿನ ಹುಟ್ಟುಗಾರರು ಅಷ್ಟಕ್ಕೆ ನಿಲ್ಲಲಿಲ್ಲ. ಅವರು ಮುಂದಾಗಿ ಡೂಸಿ ಉಮ್ಗೇನಿ ಸಂರಕ್ಷಣಾ ಟ್ರಸ್ಟ್ ಕಟ್ಟಿದರು. ದಡದುದ್ದಕ್ಕೂ ನಡೆದು ಒಡೆದ ಚರಂಡಿಗಳನ್ನು ಪತ್ತೆ ಹಚ್ಚಿ ವರದಿ ಮಾಡುವ, ಕಸ ಎತ್ತುವ, ಜಲಕಳೆ ಕೀಳುವ ಕೆಲಸಕ್ಕೆ ಕಣಿವೆಯ ಹಳ್ಳಿಗರನ್ನೇ ಸೇರಿಸಿಕೊಂಡರು. ಹೊಳೆಯ ಒಂದೊಂದು ತಿರುವನ್ನೂ ಮೈಯಿಂದ ಬಲ್ಲವರಿಗೆ ಅದರ ಒಂದೊಂದು ಹುಣ್ಣೂ ಕಾಣುತ್ತದೆ. ಅಧಿಕಾರಿಗಳ ಮುಂದೆ ಮಾತನಾಡುವ ಹಕ್ಕು ಅವರಿಗೆ ಬಂದದ್ದು ಹಾಗೆ. ವರ್ಷಕ್ಕೆ ಮೂರು ದಿನ ನಮ್ಮನ್ನು ಹೊತ್ತ ಹೊಳೆಯ ಪರವಾಗಿ ಉಳಿದ ದಿನಗಳಲ್ಲಿ ನಿಲ್ಲುವುದೂ ಪಂದ್ಯದ ಭಾಗವೇ ಎಂದು ಅವರು ತಿಳಿದಿದ್ದಾರೆ.

ಕೆಲಸ ಮುಗಿದಿಲ್ಲ. 2022ರ ಏಪ್ರಿಲ್‌ನಲ್ಲಿ ಡರ್ಬನ್ ಸೀಮೆಯಲ್ಲಿ ಭೀಕರ ನೆರೆ ಬಂತು. ನಾಲ್ಕು ನೂರಕ್ಕೂ ಹೆಚ್ಚು ಜನ ಸತ್ತರು. ಚರಂಡಿ ವ್ಯವಸ್ಥೆ ಕುಸಿದು, ಕೊಳಚೆಯ ಕಾರಣದಿಂದ ಕಡಲತೀರಗಳನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಮೇಲಿನ ಊರಿನಲ್ಲಿ ಎಸೆದ ಪ್ಲಾಸ್ಟಿಕ್ ಸೀಸೆಯೂ ಅಲ್ಲೇ ಹೊರಟ ಕಯಾಕ್ ಕೂಡ ಒಂದೇ ದಾರಿ ಹಿಡಿದು ಬ್ಲೂ ಲಗೂನ್ ತಲುಪುತ್ತವೆ. ಸೀಸೆಗೆ ಪೋರ್ಟೇಜ್ ಇಲ್ಲ, ವಿಶ್ರಾಂತಿಯೂ ಇಲ್ಲ.

ದೂರದ ಪಂದ್ಯಕ್ಕೆ ಹೆಸರು ಕೊಡಬೇಕೆಂದಿರುವ ಗೆಳೆಯರಿಗೆ, ಗೆಳತಿಯರಿಗೆ ನನ್ನದೊಂದೇ ಬಿನ್ನಹ. ದೋಣಿ ಕೊಳ್ಳುವ ಮೊದಲು ನಿಮ್ಮೂರಿನ ಹೊಳೆಯ ದಡದಲ್ಲಿ ಒಂದು ದಿನ ಪೂರ್ತಿ ನಡೆಯಿರಿ. ಸೆಳವು ಎಲ್ಲಿದೆ, ಮಡು ಎಲ್ಲಿದೆ, ಒಡ್ಡು ಎಲ್ಲಿದೆ ಎಂದು ಹಳೆಯ ಅಂಬಿಗರನ್ನೋ ಮೀನು ಹಿಡಿಯುವವರನ್ನೋ ಕೇಳಿ ತಿಳಿಯಿರಿ. ಯಾವ ಕೊಳವೆ ಎಲ್ಲಿ ಬಂದು ಹೊಳೆಗೆ ಬೀಳುತ್ತಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಅಭ್ಯಾಸ ಅಲ್ಲಿಂದಲೇ ಶುರು.